ಯಾರ ಬಾಯಲ್ಲಿ ಐದು ನಿಮಿಷ?

ಈ ಬರಹ ಶುರುಮಾಡಿದಾಗಿನಿಂದ ಲ್ಯಾಪ್‌ಟಾಪಿನ ಕೆಳಮೂಲೆಯಲ್ಲಿ ಎರಡು ಅಂಕಿಗಳು ನನ್ನನ್ನೇ ನೋಡುತ್ತ ಕೂತಿವೆ. ಒಂದು, ಇಲ್ಲಿಯವರೆಗೆ ಎಷ್ಟು ಪದ ಬರೆದೆ ಎಂದು ಹೇಳುವುದು. ಇನ್ನೊಂದು, ಅದನ್ನು ಓದಲು ಎಷ್ಟು ನಿಮಿಷ ಬೇಕು ಎಂದು ಹೇಳುವುದು. ಮೊದಲನೆಯದು ಮದುವೆ ಊಟದಲ್ಲಿ ಎಲೆ ಎಣಿಸುವ ಚಿಕ್ಕಪ್ಪನ ಹಾಗೆ, ಒಬ್ಬರು ಬಂದು ಕೂತ ಕೂಡಲೇ ಏರುತ್ತದೆ. ಎರಡನೆಯದು ಸೋಮಾರಿ. ನಾನು ಅರ್ಧ ದಿನ ತಲೆ ಕೆರೆದುಕೊಂಡು ಒಂದು ಪ್ಯಾರಾ ಇಳಿಸಿದರೂ 'ಒಂದು ನಿಮಿಷಕ್ಕಿಂತ ಕಡಿಮೆ' ಎಂದೇ ಹೇಳುತ್ತದೆ. ನನ್ನ ಅರ್ಧ ದಿನಕ್ಕೆ ಸಿಕ್ಕ ಮರ್ಯಾದೆ ಇಷ್ಟು. ಆ ಅಂಕಿ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಬೆನ್ನ ಹಿಂದೆ ಯಾರೋ ನಿಂತು ಕೇಳಿದ ಹಾಗಾಗುತ್ತದೆ: "ಯಾರ ಬಾಯಲ್ಲಿ?"

ಹಾಗೆ ಕೇಳುತ್ತಿದ್ದವರು ಅಕ್ಕ. ವಯಸ್ಸು ನೋಡಿದರೆ ಅವರು ನನ್ನ ಅಮ್ಮನಿಗೇ ಅಕ್ಕನಾಗಬೇಕು. ಆದರೆ ನಮ್ಮ ರೇಡಿಯೋದ ಅಧ್ಯಕ್ಷರಿಂದ ಹಿಡಿದು ಕೆಳಗಿನ ಬೇಕರಿಯವರ ತನಕ ಎಲ್ಲರಿಗೂ ಅವರು ಅಕ್ಕನೇ. ಹೆಸರು ಹಾಕಿ ಬರೆಯಲಾ ಎಂದು ಫೋನ್ ಮಾಡಿ ಕೇಳಿದೆ. "ಹೆಸರು ಬೇಡ ಮಾರಾಯ, ಎರಡು ಪದ ಉಳೀತದೆ" ಎಂದರು. ಉಳಿದ ಆ ಎರಡು ಪದಗಳನ್ನು ನಾನು ಈಗಾಗಲೇ ಇಪ್ಪತ್ತು ಪಟ್ಟು ಖರ್ಚು ಮಾಡಿಯಾಯಿತು.

ರೇಡಿಯೋ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಸುಂಟಿಕೊಪ್ಪದಲ್ಲಿ ಒಂದು ಬೇಕರಿ, ಅದರ ಮಹಡಿಯಲ್ಲಿ ಎರಡು ಕೋಣೆ, ಅದೇ ನಮ್ಮ ಸಮುದಾಯ ರೇಡಿಯೋ. ಸ್ಟುಡಿಯೋದ ಗೋಡೆಗೆ ಅಂಟಿಸಿರುವುದು ಬೇಕರಿಯ ಖಾಲಿ ಮೊಟ್ಟೆ ಟ್ರೇಗಳು. ಸದ್ದು ಹೀರಿಕೊಳ್ಳಲಿ ಎಂದು ಅಂಟಿಸಿದ್ದು, ಆದರೆ ಸದ್ದಿನ ಜೊತೆಗೆ ಬನ್ನಿನ ವಾಸನೆಯನ್ನೂ ಹೀರಿಕೊಂಡು ಹಗಲಿಡೀ ನಮ್ಮ ಹೊಟ್ಟೆ ಉರಿಸುತ್ತಿರುತ್ತವೆ. ನಮ್ಮ ಪ್ರಸಾರ ಮಾದಾಪುರದ ಕಡೆಗೆ ಒಂದಷ್ಟು ದೂರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಅಲ್ಲಿಗೆ ನಮ್ಮ ಕೀರ್ತಿ ಮುಗಿಯಿತು. ಜೇನು ಸಾಕುವವರು, ಶುಂಠಿ ಬೆಳೆಯುವವರು, ದನದ ಡಾಕ್ಟರು, ನಿವೃತ್ತ ಸೈನಿಕರು ಬಂದು ಐದೈದು ನಿಮಿಷ ಮಾತಾಡಿ ಹೋಗುತ್ತಾರೆ. ಅವರು ಬರೆದು ತಂದದ್ದನ್ನು ಐದು ನಿಮಿಷಕ್ಕೆ ಸರಿಯಾಗಿ ಕೂರಿಸುವುದು ಅಕ್ಕನ ಕೆಲಸ. ಮೊದಲು ಮಡಿಕೇರಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು, ನಮ್ಮ ರೇಡಿಯೋ ಶುರುವಾದಾಗ ಮಾದಾಪುರದಿಂದ ಬಸ್ಸು ಹತ್ತಿ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಕಳೆದ ತಿಂಗಳು ಎದ್ದರು. ಈಗ ತಿತಿಮತಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಮ್ಮ ರೇಡಿಯೋ ಅಚ್ಚು ಹಾಕಿಸುವ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆಯಬೇಕೆಂದು ನನಗೆ ಅಪ್ಪಣೆಯಾಗಿದೆ.

ನಾನು ಅಲ್ಲಿಗೆ ಸೇರಿದ್ದು ನನ್ನ ಪ್ರತಿಭೆಯಿಂದ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಜ ಬೇರೆ. ಕಾಲೇಜಿನ ಸಮಾರಂಭವೊಂದಕ್ಕೆ ನಮ್ಮ ಅಧ್ಯಕ್ಷರು ಅತಿಥಿಯಾಗಿ ಬಂದಿದ್ದರು, ಅಕ್ಕನೂ ಜೊತೆಗಿದ್ದರು. ಅಧ್ಯಕ್ಷರು ದೊಡ್ಡ ಕಾಫಿ ಪ್ಲಾಂಟರ್. ಮಾತಿಗೊಮ್ಮೆ 'ಸೀ' ಎನ್ನುತ್ತಾರೆ, ಆಮೇಲೆ ಎಲ್ಲರೂ ಏನು ಕಾಣಿಸುತ್ತದೋ ಎಂದು ನೋಡುವಷ್ಟು ಹೊತ್ತು ಸುಮ್ಮನಿರುತ್ತಾರೆ. ಅವರು ಭಾಷಣ ಮುಗಿಸಿ ಇಳಿದ ಮೇಲೆ ನಾನು ಹತ್ತಿ ಅದೇ ಭಾಷಣವನ್ನು ಅವರದೇ ಸ್ವರದಲ್ಲಿ ಮತ್ತೊಮ್ಮೆ ಮಾಡಿದೆ. ಹುಡುಗರು ಬೆಂಚು ಬಡಿದರು. ಪ್ರಿನ್ಸಿಪಾಲರು ನೆಲ ನೋಡಿದರು. ಅಕ್ಕ ಒಬ್ಬರೇ ನಗಲಿಲ್ಲ, ಮೊಬೈಲು ನೋಡುತ್ತಿದ್ದರು. ಅವಮಾನವಾಯಿತು. ಮಾರನೇ ದಿನ ಅಕ್ಕನ ಕರೆ ಬಂತು.

"ನಿನ್ನೆ ಅಧ್ಯಕ್ಷರ ಭಾಷಣಕ್ಕೂ ನಿಂದಕ್ಕೂ ಎರಡೇ ಸೆಕೆಂಡು ವ್ಯತ್ಯಾಸ. ನಾಳೆ ಬರ್ತೀಯಾ?"

ಅವರು ನೋಡುತ್ತಿದ್ದದ್ದು ಮೊಬೈಲಿನ ಸ್ಟಾಪ್‌ವಾಚು! ನನ್ನಲ್ಲಿ ಅವರಿಗೆ ಕಂಡದ್ದು ಕಲಾವಿದ ಅಲ್ಲ, ಗಡಿಯಾರ.

ಹೀಗೆ ನಾನು ಅಳತೆಗೋಲಾದೆ. ನಮ್ಮಲ್ಲಿ ಆ ಕೆಲಸಕ್ಕೆ 'ಅಳತೆ ಓದು' ಎಂದೇ ಹೆಸರು. ಬರೆದವರು ಸ್ಟುಡಿಯೋಗೆ ಬರುವುದಕ್ಕೆ ಮೊದಲೇ ಅವರ ಬರಹವನ್ನು ಅವರ ಸ್ವರದಲ್ಲಿ, ಅವರ ಉಸಿರಿನಲ್ಲಿ ನಾನು ಓದಬೇಕು. ಅಕ್ಕ ಕಿಟಕಿ ಪಕ್ಕ ಕೂತು, ಎಡಗೈ ಬೆರಳಿಂದ ಮಂಡಿ ತಟ್ಟುತ್ತ, ಪೆನ್ಸಿಲಿನಲ್ಲಿ ಗೀಟು ಹಾಕುತ್ತ ಹೋಗುತ್ತಾರೆ.

ಸೇರಿದ ಹೊಸತರಲ್ಲಿ ನಾನು ಜಾಣತನ ತೋರಿಸಿದ್ದುಂಟು.

"ಅಕ್ಕ, ಸುಬೇದಾರ್ರ ಜೇನಿನ ಭಾಷಣ ನಾಲ್ಕು ನಿಮಿಷ."

"ಯಾರ ಬಾಯಲ್ಲಿ?"

"ಲ್ಯಾಪ್‌ಟಾಪೇ ಹೇಳ್ತಾ ಉಂಟಲ್ಲ, ಇಲ್ಲಿ ಮೂಲೆಯಲ್ಲಿ."

"ಲ್ಯಾಪ್‌ಟಾಪಿಗೆ ಹಲ್ಲುಂಟಾ? ಸುಬೇದಾರ್ರಿಗೆ ಎದುರಿನ ಎರಡು ಇಲ್ಲ. ಓದು, ಸುಬೇದಾರ್ ಆಗಿ ಓದು."

ಓದಿದೆ. ಏಳು ನಿಮಿಷ ದಾಟಿತು. ಸುಬೇದಾರ್ ತಾತ ಪೂರ್ಣವಿರಾಮ ಕಂಡರೆ ಅಟೆನ್ಷನ್‌ನಲ್ಲಿ ನಿಲ್ಲುತ್ತಾರೆ, ಮುಂದಿನ ವಾಕ್ಯಕ್ಕೆ ಯಾರಾದರೂ ಹುಕುಂ ಕೊಡಬೇಕು. ಅಕ್ಕ ಒಂದು ಪದವನ್ನೂ ತೆಗೆಯಲಿಲ್ಲ. ಪೂರ್ಣವಿರಾಮಗಳನ್ನೆಲ್ಲ ಒರೆಸಿ ಅಲ್ಲಿ ಅಲ್ಪವಿರಾಮ ಹಾಕಿದರು. ತಾತ ಗುಡ್ಡ ಇಳಿಯುವ ಜೀಪಿನ ಹಾಗೆ ಐದು ನಿಮಿಷಕ್ಕೆ ಸರಿಯಾಗಿ ಬಂದು ತಲುಪಿದರು.

ಕುಶಾಲನಗರದ ಕಡೆಯ ಶುಂಠಿ ಬೆಳೆಯುವ ಅಣ್ಣನದು ಇದಕ್ಕೆ ತದ್ವಿರುದ್ಧ. ಅವರ ತಾತನ ಕಾಲದಲ್ಲಿ ಹಾಸನದಿಂದ ಬಂದು ಇಲ್ಲಿ ನೆಲೆ ನಿಂತವರು, ಆದರೆ ಇವರು ಮಾತಾಡುವುದು ನೋಡಿದರೆ ಹಾಸನದ ಕೊನೇ ಬಸ್ಸು ಇನ್ನೇನು ಹೊರಟಿತು ಅನ್ನಿಸುತ್ತದೆ. ಐದು ನಿಮಿಷದ್ದನ್ನು ಮೂರರಲ್ಲಿ ಮುಗಿಸಿ "ಆಯ್ತಾ? ಹೋಗ್ಲಾ?" ಎಂದು ಮೈಕಿನಲ್ಲೇ ಕೇಳಿದ ಭೂಪ. ಅವರ ಬರಹಕ್ಕೆ ಅಕ್ಕ ಅಲ್ಲಲ್ಲಿ ಪ್ರಶ್ನೆಗಳನ್ನು ಸೇರಿಸಿದರು. 'ಗೊಬ್ಬರ ಯಾವಾಗ ಹಾಕಬೇಕು?' 'ನೀರು ನಿಂತರೆ ಏನಾಗುತ್ತದೆ?' ನನಗೆ ಅರ್ಥವಾಗಲಿಲ್ಲ.

"ಪ್ರಶ್ನೆ ಹಾಕಿದ ಮೇಲೆ ಎಂಥವನೂ ಉತ್ತರಕ್ಕೆ ಒಂದು ಗಳಿಗೆ ನಿಲ್ಲಲೇಬೇಕು ಮಂಗ. ಆ ಗಳಿಗೆಯನ್ನು ನಿನ್ನ ಮೂಲೆಯ ಅಂಕಿ ಲೆಕ್ಕ ಹಿಡಿಯಲ್ಲ."

ಮಂಗ ಎಂದರೆ ನಾನು. ಸಮಾಧಾನದಲ್ಲಿದ್ದಾಗ ಮಂಗ. ಸಿಟ್ಟು ಬಂದರೆ ಕೋತಿ. ಇದರಲ್ಲೊಂದು ವಿಷಯ ಇದೆ.

ಅಕ್ಕನಿಗೆ ಮಾತು ತಡೆಯುತ್ತಿತ್ತು. ಎಲ್ಲ ಪದಕ್ಕೂ ಅಲ್ಲ. 'ಕ'ದಿಂದ ಶುರುವಾಗುವ ಪದ ಬಂದರೆ ಬಾಗಿಲು ಹಾಕಿಕೊಂಡ ಹಾಗೆ. ತುಟಿ ಸಿದ್ಧವಾಗುತ್ತಿತ್ತು, ಕತ್ತಿನ ನರ ಎದ್ದು ನಿಲ್ಲುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಅವರು 'ಕ'ವನ್ನು ಬಿಟ್ಟು ಸುತ್ತುಬಳಸಿ ಹೋಗಲು ಕಲಿತಿದ್ದರು, ರಸ್ತೆಯಲ್ಲಿ ಆನೆ ನಿಂತಿದ್ದರೆ ನಾವು ಬೇರೆ ದಾರಿ ಹಿಡಿಯುವುದಿಲ್ಲವೇ, ಹಾಗೆ. ಹುಟ್ಟಿದ್ದು ಎಲ್ಲಿ ನೋಡಿ: ಕೊಡಗಿನಲ್ಲಿ, ಕಾಫಿ ತೋಟದ ನಡುವೆ, ಕನ್ನಡ ತಿದ್ದುವ ಕೆಲಸಕ್ಕೆ! ಕೊಡಗು ಅವರ ಬಾಯಲ್ಲಿ 'ನಮ್ಮ ಜಿಲ್ಲೆ'. ಕನ್ನಡ 'ನಮ್ಮ ಭಾಷೆ'. ಕುಶಾಲನಗರ 'ಆ ಬಯಲಿನ ಕಡೆ'. ದಿನವಿಡೀ ಬೇರೆಯವರ ವಾಕ್ಯಗಳನ್ನು ಕತ್ತರಿಸುವುದೇ ಕೆಲಸವಾದರೂ 'ಕತ್ತರಿಸು' ಎಂದು ಅವರು ಒಮ್ಮೆಯೂ ಹೇಳಿದ್ದಿಲ್ಲ, 'ತೆಗಿ' ಎನ್ನುತ್ತಿದ್ದರು.

ಇನ್ನು ಕಾಫಿ. ಕೆಳಗೆ ಬೇಕರಿ ನಡೆಸುವವರು ಮಲಯಾಳಿ, ನಮಗೆಲ್ಲ ಇಕ್ಕ, ಅಂದರೆ ಅಣ್ಣ. ಅಕ್ಕ ಮೆಟ್ಟಿಲ ಹತ್ತಿರ ನಿಂತು "ಇಕ್ಕ, ಒಂದು ಬಿಸಿ" ಎಂದರೆ ಮೇಲೆ ಕಾಫಿ ಬರುತ್ತಿತ್ತು. ಒಮ್ಮೆ ಇಕ್ಕ ಊರಿಗೆ ಹೋಗಿದ್ದಾಗ ಅಂಗಡಿಯಲ್ಲಿದ್ದ ಅವರ ತಮ್ಮ ಒಂದು ಲೋಟ ಬಿಸಿನೀರು ತಂದಿಟ್ಟು ಹೋದ. ಅಕ್ಕ ಅದನ್ನೇ ಊದಿ ಊದಿ ಕುಡಿದರು. ಲೋಟ ಕೆಳಗಿಟ್ಟು, "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು" ಎಂದರು. ನಾನು ನಕ್ಕೆನೋ ಇಲ್ಲವೋ ಎಂದು ಕನ್ನಡಕದ ಮೇಲಿನಿಂದ ನೋಡಿದರು. ನಗಲಿ ಎಂದೇ ಹೇಳಿದ್ದು.

ಬೈಯುವಾಗ ಮಾತ್ರ ಅಕ್ಕನಿಗೆ ಯಾವ ತಡೆಯೂ ಇರಲಿಲ್ಲ. ಅದೊಂದು ವಿಸ್ಮಯ. ಒಂದು ಸಲ ನಾನು ಅಧ್ಯಕ್ಷರ ಸ್ವರದಲ್ಲಿ ಅವರ ತೋಟದ ರೈಟರಿಗೆ, ಅಂದರೆ ಆಳುಗಳ ಹಾಜರಿ ನೋಡುವವರಿಗೆ, ಫೋನ್ ಮಾಡಿ "ಸೀ, ನಾಳೆ ಲೈನಿನವರಿಗೆಲ್ಲ ರಜೆ" ಎಂದುಬಿಟ್ಟಿದ್ದೆ. ಲೈನುಮನೆಯ ಆಳುಗಳೆಲ್ಲ ಕಾಫಿ ಹಣ್ಣು ಕೊಯ್ಯುವ ಸಮಯ. ಪಾಪ, ರೈಟರು ರಜೆ ಕೊಟ್ಟೇಬಿಟ್ಟರು. ಸುದ್ದಿ ತಿಳಿದು ಅಕ್ಕ ಎದ್ದು ನಿಂತರು. "ಕೋತಿ! ಕೆಲಸ ಕೆಡಿಸೋದಕ್ಕೇ ಕೊಟ್ಟಿದ್ದಾ ನಿಂಗೆ ಕಂಠ? ಕಪಾಳಕ್ಕೆ ಕೊಡ್ತೀನಿ!" ಎಲ್ಲವೂ 'ಕ', ಒಂದರ ಹಿಂದೊಂದು, ಗೇಟು ತೆಗೆದ ನಾಲೆಯ ಹಾಗೆ. ಬೈಸಿಕೊಳ್ಳುತ್ತಿದ್ದ ನಾನೇ ಬಾಯಿಬಿಟ್ಟು ನೋಡುತ್ತ ನಿಂತಿದ್ದೆ.

ಬೇಕರಿಯ ಬೆಂಚಿನಲ್ಲಿ ಸಂಜೆ ನನ್ನ ಪ್ರದರ್ಶನ ನಡೆಯುತ್ತಿತ್ತು. ಸುಬೇದಾರ್, ಶುಂಠಿ ಅಣ್ಣ, ಅಧ್ಯಕ್ಷರು, ಎದುರಿಗೇ ನಿಂತ ಇಕ್ಕ, ಯಾರನ್ನೂ ಬಿಟ್ಟವನಲ್ಲ. ನನ್ನ ಅಮ್ಮನ ದೂರು ಒಂದೇ: "ಎಲ್ಲರ ಸ್ವರ ಉಂಟು ಇವನ ಹತ್ರ, ಇವನದೇ ಒಂದು ಇಲ್ಲ." ಇಕ್ಕ ಆಗಾಗ ಮಗನೇ ಎಂದು ಅವರ ಭಾಷೆಯಲ್ಲಿ ಕರೆದು ಕೇಳುತ್ತಿದ್ದರು: "ಮೋನೇ, ಅಕ್ಕನ್ನ ಒಂದು ಮಾಡು ನೋಡುವ."

ಮಾಡುತ್ತಿದ್ದೆ. ಕೊಡೆ ಝಾಡಿಸುವುದು, ಪೆನ್ಸಿಲನ್ನು ಜಡೆಗೆ ಸಿಕ್ಕಿಸಿ ಆಮೇಲೆ ಮೇಜಿನ ಮೇಲೆಲ್ಲ ಹುಡುಕುವುದು, "ಲಾಸ್ಟ್ ವಾಕ್ಯ ತೆಗಿ, ಅದು ಯಾವಾಗಲೂ ಉಪದೇಶ" ಎನ್ನುವುದು. ಸ್ವರ ಕೂಡ ಚೆನ್ನಾಗಿಯೇ ಬರುತ್ತಿತ್ತು. ತಡೆ ಮಾತ್ರ ಬರುತ್ತಿರಲಿಲ್ಲ. ಒಬ್ಬನೇ ಇದ್ದಾಗ ಕನ್ನಡಿ ಮುಂದೆ ನಿಂತು ನೋಡಿದ್ದೇನೆ, ಇಲ್ಲ. ನಾನು ಮಾಡಿದರೆ ಅದು ಬರೀ ನಿಲ್ಲಿಸಿದ ಹಾಗೆ ಆಗುತ್ತಿತ್ತು. ನಾನು ನಿಲ್ಲಿಸಿದ್ದು ಯಾವಾಗ ಮುಗಿಯುತ್ತದೆಂದು ನನಗೆ ಗೊತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ, ಆದರೆ ಅದನ್ನು ದಾಟಲು ಯಾವ ಮಿಮಿಕ್ರಿಯಿಂದಲೂ ಆಗುವುದಿಲ್ಲ.

ಇಷ್ಟು ವರ್ಷ ರೇಡಿಯೋದಲ್ಲಿದ್ದೂ ಅಕ್ಕ ಒಮ್ಮೆಯೂ ಮೈಕಿನ ಮುಂದೆ ಕೂತಿರಲಿಲ್ಲ. ಕೊನೆಯ ದಿನ ಐದು ನಿಮಿಷ ಮಾತಾಡಿ ಎಂದು ಎಲ್ಲರೂ ಹೇಳಿದರು, ನೇರ ಪ್ರಸಾರದಲ್ಲಿ. ಬೇಡ ಎನ್ನುತ್ತಾರೆಂದೇ ನಾವು ತಿಳಿದಿದ್ದೆವು. ಅವರು ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಬರೆದುಕೊಂಡೇ ಬಂದರು. ಆಗ ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು.

"ಸೀ, ಅಕ್ಕ. ಟೆನ್ಷನ್ ಯಾಕೆ? ಈ ಹುಡುಗನೇ ನಿಮ್ಮ ವಾಯ್ಸಲ್ಲಿ ಓದಲಿ. ನನ್ನ ವಾಯ್ಸಲ್ಲಿ ಮಾತಾಡಿ ನಮ್ಮ ರೈಟರಿಗೇ ಟೋಪಿ ಹಾಕಿದವನು. ಯಾರಿಗೂ ಡೌಟ್ ಬರಲ್ಲ."

ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅಕ್ಕ ನನ್ನ ಮುಖ ನೋಡಿದರು. "ಓದು. ರೆಕಾರ್ಡ್ ಮಾಡು, ನೋಡುವ" ಎಂದರು.

ಓದಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ಮಾಡಿಲ್ಲ. ಅಕ್ಕನದೇ ಸ್ವರ, ಮಾದಾಪುರದ ಅದೇ ಎಳೆತ, ಒಂದು ಕಡೆಯೂ ತಡೆಯಿಲ್ಲ. ಸರಿಯಾಗಿ ಐದು ನಿಮಿಷ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿದರು. ಮತ್ತೊಮ್ಮೆ ಹಾಕು ಎಂದು ಬೆರಳು ತೋರಿಸಿದರು. ಎರಡನೇ ಸಲ ಕಣ್ಣು ಮುಚ್ಚಿದ್ದರು. ನಾನು ಮೊಟ್ಟೆ ಟ್ರೇಗಳನ್ನು ನೋಡುತ್ತ ಕೂತೆ.

"ಚೆಂದ ಉಂಟು" ಎಂದರು. "ಹೀಗೆ ಮಾತಾಡಿದ್ರೆ ಹೇಗಿರ್ತಿತ್ತು ಅಂತ ಚಿಕ್ಕಂದಿನಿಂದ ಅಂದ್ಕೊಳ್ತಿದ್ದೆ. ಹೀಗಿರ್ತಿತ್ತು."

"ಹಾಗಾದ್ರೆ ಇದನ್ನೇ ಹಾಕುವನಾ ಅಕ್ಕ?"

"ಇದು ಯಾರ ಬಾಯಲ್ಲಿ ಐದು ನಿಮಿಷ?"

ನಾನು ಹೆಡ್‌ಫೋನಿನ ವೈರು ಸುತ್ತತೊಡಗಿದೆ.

"ನನ್ನ ಬಾಯಲ್ಲಿ ಇದು ಹನ್ನೆರಡು" ಎಂದರು ಅಕ್ಕ, ಜಡೆಯಿಂದ ಪೆನ್ಸಿಲು ಎಳೆದುಕೊಂಡು.

ಹನ್ನೆರಡೇ ತಗೊಳ್ಳಿ ಎಂದು ಅಧ್ಯಕ್ಷರು ಹೇಳಿದರು. ಸುಬೇದಾರ್ರಿಗೆ ಐದು, ನನಗೆ ಹನ್ನೆರಡಾ, ಅದು ಯಾವ ನ್ಯಾಯ ಎಂದು ಅಕ್ಕ ತಿರುಗಿ ಕೇಳಿದರು. ಐದು ನಿಮಿಷ ಕಳೆದ ಕೂಡಲೇ ದನದ ಡಾಕ್ಟರು ಫೋನಿನಲ್ಲಿ ಬರುವುದಿತ್ತು, ರೈತರು ಕಾಯುತ್ತಿರುತ್ತಾರೆ. ಹಾಗಾಗಿ ಅವರು ತಮ್ಮ ಬರಹಕ್ಕೇ ಪೆನ್ಸಿಲು ಹಚ್ಚಿದರು. ಬೇರೆಯವರ ಬರಹಕ್ಕೆ ತೋರಿಸುತ್ತಿದ್ದ ದಯೆ ಅಲ್ಲಿರಲಿಲ್ಲ. ವಂದನೆಗಳು ಹೋದವು. ಪ್ರೆಸ್ಸಿನ ಕಥೆ ಹೋಯಿತು. ನನ್ನ ರೈಟರ್ ಪ್ರಸಂಗ ಹೋಯಿತು, ಅದಕ್ಕೆ ನನಗೆ ಬೇಸರವೂ ಆಯಿತು. ಅರ್ಧಕ್ಕಿಂತ ಕಡಿಮೆ ಉಳಿಯಿತು. ಆದರೆ 'ಕ'ದಿಂದ ಶುರುವಾಗುವ ಪದಗಳನ್ನು ಅವರು ಮುಟ್ಟಲಿಲ್ಲ. ಬದಲಿಗೆ ಒಂದನ್ನು ಎಲ್ಲಕ್ಕಿಂತ ಮೊದಲು ತಂದಿಟ್ಟರು.

"ಅಕ್ಕ, ಮೊದಲ ಪದವೇ 'ಕಾಫಿ' ಆಗ್ಬೇಕಾ? 'ನಮ್ಮ ಬೆಳೆ' ಅಂತ ಹಾಕಿ."

"ಇಷ್ಟು ವರ್ಷ ಬೇರೆ ಬೇರೆ ಹೆಸರಲ್ಲೇ—" ಅಲ್ಲಿ ತಡೆಯಿತು. ಅವರು ಬೇರೆ ಪದಕ್ಕೆ ಹೊರಳಲಿಲ್ಲ, ಕಾದರು. "ಕುಡಿದಾಯ್ತಲ್ಲ" ಎಂದು ಮುಗಿಸಿದರು. ನನ್ನ ಮುಂದೆ ಅವರು ಹಾಗೆ ಕಾದು ಒಂದು ಪದ ಮುಗಿಸಿದ್ದು ಅದೇ ಮೊದಲು.

ಇಲ್ಲಿ ನಮ್ಮ ಸ್ಟುಡಿಯೋದ ಒಂದು ಯಂತ್ರದ ವಿಷಯ ಹೇಳಬೇಕು. ಪ್ರಸಾರದಲ್ಲಿ ಕೆಲವು ಸೆಕೆಂಡು ಏನೂ ಸದ್ದು ಬರದಿದ್ದರೆ ಅದು ತಾನೇ ಒಂದು ಜಿಂಗಲ್ ಹಾಕಿಬಿಡುತ್ತದೆ. ಫೋನ್ ಲೈನು ಕಡಿದು, ಕೇಳುವವರು ರೇಡಿಯೋ ಸತ್ತಿತೆಂದು ತಿಳಿಯಬಾರದಲ್ಲ, ಅದಕ್ಕೆ. ಆ ಜಿಂಗಲ್ ನನ್ನದೇ. ಸುಬೇದಾರ್, ಶುಂಠಿ ಅಣ್ಣ, ಇಕ್ಕ, ಅಧ್ಯಕ್ಷರು, ನಾಲ್ವರ ಸ್ವರದಲ್ಲೂ 'ಕೇಳ್ತಾ ಇರಿ' ಎಂದು ಹೇಳಿ, ಕೊನೆಗೊಂದು ಹಸುವಿನ 'ಅಂಬಾ' ಹಾಕಿದ್ದೆ. ನನ್ನ ಅತ್ಯುತ್ತಮ ಕೃತಿ. ಅದನ್ನು ಬಂದ್ ಮಾಡಲು ಮೇಜಿನ ಬದಿಯಲ್ಲಿ ಒಂದು ಗುಂಡಿ ಇದೆ. ಒಮ್ಮೆ ಒತ್ತಿದರೆ ಆಫ್, ಮತ್ತೊಮ್ಮೆ ಒತ್ತಿದರೆ ಆನ್. ಪಕ್ಕದ ಸಣ್ಣ ದೀಪ ಸುಟ್ಟು ಹೋಗಿ ಯಾವ ಕಾಲವಾಯಿತೋ.

ಅಕ್ಕನ ಮೌನಕ್ಕೂ ಈ ಯಂತ್ರಕ್ಕೂ ಆಗಿಬರುವುದಿಲ್ಲ ಎಂದು ನನಗೆ ಹೊಳೆದಿತ್ತು. ಯಾರಿಗೂ ಹೇಳದೆ, ಪ್ರಸಾರಕ್ಕೆ ಮುಂಚೆ ಹೋಗಿ ಮೆಲ್ಲಗೆ ಗುಂಡಿ ಒತ್ತಿ ಬಂದು ಕೂತೆ. ಬುದ್ಧಿವಂತ ನಾನು.

ಕೆಂಪು ದೀಪ ಹತ್ತಿತು. ಗಾಜಿನ ಆಚೆ ಅಕ್ಕ, ಮುಂದೆ ಒಂದೇ ಹಾಳೆ. "ನಮಸ್ಕಾರ" ಎಂದರು. ಅದು ಸಲೀಸು. ಮುಂದಿನ ವಾಕ್ಯ ನನಗೆ ಬಾಯಿಪಾಠ: 'ಕಾಫಿ ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೀವು ದಯವಿಟ್ಟು ಕಾಯಬೇಕು.'

ತುಟಿ ಸಿದ್ಧವಾಯಿತು. ನರ ಎದ್ದಿತು. ಕಣ್ಣು ಮುಚ್ಚಿದರು. ಸದ್ದಿಲ್ಲ. ಕೆಳಗೆ ಬೇಕರಿಯಲ್ಲಿ ಇಕ್ಕ ರೇಡಿಯೋ ದೊಡ್ಡದು ಮಾಡಿ ಇಟ್ಟಿದ್ದರು, ಅಲ್ಲಿಯೂ ಸದ್ದಿಲ್ಲ. ಬಸ್ಸಿಗೆ ನಿಂತವರೂ ಒಳಗೆ ಬಂದಿದ್ದರಂತೆ. ನಾನು ನಿಶ್ಚಿಂತೆಯಿಂದ ಕೂತಿದ್ದೆ, ಎಷ್ಟು ಹೊತ್ತು ಬೇಕಾದರೂ ತಗೊಳ್ಳಲಿ, ಗುಂಡಿ ಒತ್ತಿದ್ದೇನಲ್ಲ.

"ಕೇಳ್ತಾ ಇರಿ!" ಎಂದರು ಸುಬೇದಾರ್.

"ಕೇಳ್ತಾ ಇರಿ ಕೇಳ್ತಾ ಇರಿ" ಎಂದು ಶುಂಠಿ ಅಣ್ಣ ಓಡಿಹೋದರು. "ಕೇಳ್ತಾ ಇರಿ ಮೋನೇ" ಎಂದರು ಇಕ್ಕ. "ಸೀ, ಕೇಳ್ತಾ ಇರಿ" ಎಂದರು ಅಧ್ಯಕ್ಷರು. ಹಸು ಅಂಬಾ ಎಂದಿತು. ಅಷ್ಟೂ ನಾನೇ, ಮಹನೀಯರೇ, ಅಷ್ಟೂ ನನ್ನದೇ ಗಂಟಲು!

ಅಕ್ಕ ಕಣ್ಣು ಬಿಟ್ಟರು. ಗಾಜಿನ ಆಚೆಯಿಂದ ನನ್ನನ್ನು ನೋಡಿದರು.

"ಕೋತಿ! ಕೈ ಎಲ್ಲಿಟ್ಟಿದ್ದೀಯಾ? ಕಿತ್ತು ಹಾಕು ಆ ಕೂಗುಮಾರಿನ! ಕಾಯೋಕೆ ಆಗಲ್ವಾ ಅದಕ್ಕೆ? ಕಾಫಿ ಅಂತ ಒಂದು ಪದ, ಕಾಫಿ! ಕೊಡಗಿನಲ್ಲಿ ಕಾಫಿ ಅನ್ನೋಕೆ ಬಿಡಲ್ಲ ಅಂದ್ರೆ!"

ಮೈಕು ತೆರೆದೇ ಇತ್ತು.

ಸುಂಟಿಕೊಪ್ಪದಿಂದ ಮಾದಾಪುರದ ಗುಡ್ಡದವರೆಗೆ, ನಮ್ಮ ಕೀರ್ತಿ ಎಲ್ಲಿಯ ತನಕ ಹೋಗುತ್ತದೋ ಅಲ್ಲಿಯ ತನಕ, ನಾನು ಕೋತಿ ಎಂಬುದು ತಲುಪಿತು. ಅಕ್ಕನಿಗೂ ಗೊತ್ತಾಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಭುಜ ಕುಲುಕಲು ಶುರುವಾಯಿತು. ಅಕ್ಕ ನಗುತ್ತಿದ್ದರು, ಮೈಕಿನಲ್ಲೇ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ. ಕೆಳಗಿನ ಬೇಕರಿಯ ನಗು ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು.

"ಆಯ್ತು" ಎಂದರು ಅಕ್ಕ. "ಮೊದಲ ಪದ ಬಂತಲ್ಲ. ಇನ್ನು ಉಳಿದದ್ದು."

ಉಳಿದದ್ದನ್ನು ಓದಿದರು. ತಡೆ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಪ್ರತಿ ಸಲ ಬಾಗಿಲು ಹಾಕಿಕೊಂಡಾಗ ಅಕ್ಕ ಅಲ್ಲೇ ನಿಂತು, ತೆರೆಯುವ ತನಕ ಕಾದು, ಒಳಗೆ ಹೋದರು. ಶಾಲೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಪಾಠ ಓದುವಾಗ, ತನ್ನ ಸರದಿಗೆ ಯಾವ ವಾಕ್ಯ ಬರುತ್ತದೆ ಎಂದು ಮೊದಲೇ ತಲೆ ಎಣಿಸಿ, ಸಾಲು ಎಣಿಸಿ, ಅದು 'ಕ'ದಿಂದ ಶುರುವಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದುದನ್ನು ಹೇಳಿದರು. ಪದ ಎಣಿಸುವುದನ್ನು ಕಲಿತದ್ದು ಅಲ್ಲಿ. ಯಾವ ಪದ ಯಾರ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಲು ಕಲಿತದ್ದೂ ಅಲ್ಲೇ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತು ಕೇಳಿದೆ. ಇನ್ನು ಯಾವ ಗುಂಡಿಯನ್ನೂ ಮುಟ್ಟುವ ಧೈರ್ಯ ಇರಲಿಲ್ಲ. ಅಕ್ಕ ಕಿತ್ತು ಹಾಕು ಎಂದ ಕೂಡಲೇ ಆ ಯಂತ್ರದ ವೈರನ್ನೇ ಎಳೆದು ಹಾಕಿದ್ದೆ.

ಕೊನೆಗೆ ಬಂದಾಗ ಅಕ್ಕ ಗಡಿಯಾರ ನೋಡಿದರು. ಹಾಳೆ ನೋಡಿದರು. ಇನ್ನೊಂದು ವಾಕ್ಯ ಉಳಿದಿತ್ತು. ಜಡೆಯಿಂದ ಪೆನ್ಸಿಲು ತೆಗೆದು ಅದರ ಮೇಲೆ ಗೀಟು ಎಳೆದು, "ನಮಸ್ಕಾರ" ಎಂದರು. ಐದು ನಿಮಿಷ. ದನದ ಡಾಕ್ಟರು ಲೈನಿಗೆ ಬಂದರು. ಅವರೂ ಪಾಪ, ನಗು ತಡೆದುಕೊಂಡೇ ಕೆಚ್ಚಲುಬಾವಿನ ಬಗ್ಗೆ ಮಾತು ಶುರುಮಾಡಿದರು.

ಅಕ್ಕ ಹೊರಗೆ ಬಂದವರು ಮೊದಲು ಕೇಳಿದ್ದು: "ಒಳಗೆ ಹೋಗೋ ಮುಂಚೆ ನಾನು ಆ ಗುಂಡಿ ಒತ್ತಿ ಹೋಗಿದ್ನಲ್ಲ! ಅದು ಹೇಗೆ ಬಡ್ಕೊಂಡಿತು?"

"ನೀವೂ ಒತ್ತಿದ್ರಾ?" ಎಂದೆ.

"ನೀನೂ ಒತ್ತಿದ್ಯಾ?"

ಇಬ್ಬರೂ ಬಗ್ಗಿ ಆ ಸುಟ್ಟ ದೀಪವನ್ನು ನೋಡಿದೆವು. ಅಕ್ಕ ಆಫ್ ಮಾಡಿದ್ದನ್ನು ನಾನು ಪ್ರೀತಿಯಿಂದ ಆನ್ ಮಾಡಿದ್ದೆ.

ಇಕ್ಕ ಮೆಟ್ಟಿಲು ಹತ್ತಿ ಬಂದರು, ಹಿಂದೆ ನಾಲ್ಕೈದು ಜನ. "ಅಕ್ಕಾ, ಎಂತ ಕೊಡ್ಲಿ ಹೇಳಿ" ಎಂದು ಕೈಕಟ್ಟಿ ನಿಂತರು. ಎಲ್ಲರೂ ಅಕ್ಕನ ಬಾಯಿ ನೋಡಿದೆವು.

"ಒಂದು ಬಿಸಿ" ಎಂದರು ಅಕ್ಕ.

"ಅಷ್ಟೆಲ್ಲ ಆದ ಮೇಲೂ?"

"ಇವತ್ತಿಂದು ಮುಗೀತು ಇಕ್ಕ. ನಾಳೆ ನೋಡುವ."

ಅಕ್ಕ ಬಸ್ಸು ಹತ್ತಿದ ಮೇಲೆ ಸ್ಟುಡಿಯೋ ಗುಡಿಸುವಾಗ ಆ ಹಾಳೆ ಮೇಜಿನ ಮೇಲೇ ಇತ್ತು. ಗೀಟು ಎಳೆದ ವಾಕ್ಯ ಗೀಟಿನ ಅಡಿಯಲ್ಲೂ ಸ್ಪಷ್ಟವಾಗಿ ಕಾಣುತ್ತಿತ್ತು. ರೆಕಾರ್ಡ್ ಮಾಡುವಾಗ ಅದು ಇರಲಿಲ್ಲ, ಆಮೇಲೆ ಪೆನ್ಸಿಲಿನಲ್ಲಿ ಬರೆದು ಸೇರಿಸಿದ್ದು: 'ಊರಿನವರನ್ನೆಲ್ಲ ಅಣಕಿಸಿದ ಒಬ್ಬ ಮಂಗ ನನ್ನ ತಡೆಯನ್ನು ಮಾತ್ರ ಯಾವತ್ತೂ ಅಣಕಿಸಲಿಲ್ಲ, ಅವನಿಗೆ ನನ್ನ ಮೊದಲ ನಮಸ್ಕಾರ.'

ನನ್ನ ಜಿಂಗಲ್ ಎಷ್ಟು ಹೊತ್ತು ತಿಂದಿತ್ತೋ ಈ ವಾಕ್ಯಕ್ಕೆ ಅಷ್ಟೇ ಹೊತ್ತು ಬೇಕಿತ್ತು. ಅಕ್ಕನ ಬಾಯಲ್ಲಿ ಅಳೆದು ನೋಡಿದ್ದೇನೆ. ನನ್ನ ಜೀವಮಾನದಲ್ಲಿ ರೇಡಿಯೋದಲ್ಲಿ ಬರಬಹುದಾಗಿದ್ದ ಒಂದೇ ಒಂದು ಹೊಗಳಿಕೆಯನ್ನು ನಾನೇ, ನಾಲ್ಕು ಜನರ ಸ್ವರದಲ್ಲಿ ಮತ್ತು ಒಂದು ಹಸುವಿನ ಸ್ವರದಲ್ಲಿ, ನುಂಗಿ ನೀರು ಕುಡಿದಿದ್ದೆ. ಊರಿಗೆ ಉಳಿದದ್ದು ಕೋತಿ.

ಅಣಕಿಸಲಿಲ್ಲ ಅಲ್ಲ ಅಕ್ಕ, ಅಣಕಿಸಲು ಬರಲಿಲ್ಲ ಎಂದು ಹೇಳಬೇಕೆಂದು ಮೊನ್ನೆ ಫೋನ್ ಮಾಡಿದೆ. ಆದರೆ ಬೇರೆಯೇ ಕೇಳಿದೆ.

"ಅಕ್ಕ, ಆ ಕೊನೇ ವಾಕ್ಯ ತೆಗೆದದ್ದು ಟೈಮಿಗಾ, ಸಿಟ್ಟಿಗಾ?"

ಆಚೆಯಿಂದ ಏನೂ ಸದ್ದು ಬರಲಿಲ್ಲ. ಲೈನು ಕಡಿದಿಲ್ಲ ಎಂದು ನನಗೆ ಗೊತ್ತಿತ್ತು. ಕಾದೆ.

"ಕೊನೇದಲ್ವಾ" ಎಂದರು ಅಕ್ಕ. "ತೆಗೀಲೇಬೇಕು."

ಎರಡು ಪುಟ ದಾಟಿ ಬಹಳ ಹೊತ್ತಾಯಿತು. ಮೂಲೆಯ ಅಂಕಿ ಈಗಲೂ ಏನೋ ಒಂದು ನಿಮಿಷ ಹೇಳುತ್ತಿದೆ. ನಾನು ಇದನ್ನು ಅಕ್ಕನಾಗಿ ಗಟ್ಟಿಯಾಗಿ ಓದಿ ನೋಡಿದೆ, ಪ್ರತಿ 'ಕ'ದ ಮುಂದೆ ನಿಂತು, ಕಾದು. ಎರಡು ಪಟ್ಟಾಯಿತು. ಇರಲಿ, ಇದು ರೇಡಿಯೋ ಅಲ್ಲ. ಮುಕ್ತಾಯಕ್ಕೆಂದು ಒಂದು ವಾಕ್ಯ ಬರೆದಿದ್ದೆ, ಚೆನ್ನಾಗಿಯೇ ಇತ್ತು. ತೆಗೆದೆ.